ವಿಮಾನದ ಹೊಟ್ಟೆಗೆ ಹೋದ ಚೀಲ

ನರಸಿಂಹರಾಜಪುರ
ಮಂಗಳವಾರ, 2 ಡಿಸೆಂಬರ್ 2025

ರಕ್ಷಾಳ ಅಪ್ಪನಿಗೆ,

ಬೇರೆ ಹೇಗೆ ಕರೆಯಬೇಕೆಂದು ತಿಳಿಯದೆ ಹೀಗೆ ಬರೆದಿದ್ದೇನೆ. ಬೇರೆಯಾದ ಮೇಲೆ ನಮ್ಮಿಬ್ಬರ ನಡುವೆ ಇದ್ದ ಮಾತೆಲ್ಲ ಮಗಳ ಸ್ಕೂಲು, ಮಗಳ ಜ್ವರ, ಮಗಳನ್ನು ಯಾವ ಬಸ್ಸಿಗೆ ಹತ್ತಿಸಬೇಕು ಎನ್ನುವುದಷ್ಟೇ. ನಿನ್ನೆ ಹೈದರಾಬಾದಿನಿಂದ ಬಂದ ಕೂಡಲೇ ನಿಮಗೆ ಫೋನ್ ಮಾಡಿದೆ. ನಾನು ಶುರು ಮಾಡುವುದರೊಳಗೆ ನೀವು ನಕ್ಕಿರಿ. “ನಿನ್ನ ಹೆದರಿಕೆ ಇನ್ನೂ ಹೋಗ್ಲಿಲ್ವಾ ಮಾರಾಯ್ತಿ? ಎಂತ ಆಗಲ್ಲ ಬಿಡು” ಎಂದು ಫೋನ್ ಇಟ್ಟುಬಿಟ್ಟಿರಿ. ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ನನ್ನ ಅಪ್ಪ ಶೃಂಗೇರಿಗೆ ಬರುತ್ತಾರೆ, ಅವರ ಕೈಯಲ್ಲಿ ಕಳಿಸುತ್ತೇನೆ. ನೀವು ಓದಿ ಮುಗಿಸುವವರೆಗೆ ನಿಮ್ಮ ಸ್ಟುಡಿಯೋ ಬಿಟ್ಟು ಏಳಬೇಡಿ ಎಂದು ಹೇಳಿದ್ದೇನೆ. ಅವರಿಗೊಂದು ಚಹಾ ತರಿಸಿ.

ಶುಕ್ರವಾರ ನೀವು ಮದುವೆಯ ಶೂಟಿಂಗಿಗೆ ಗೋವಾಕ್ಕೆ ಹಾರುವಾಗ ರಕ್ಷಾಳನ್ನೂ ಕರೆದುಕೊಂಡು ಹೋಗುತ್ತೀರಿ. ಸಮುದ್ರ ತೋರಿಸುತ್ತೇನೆಂದು ಅವಳಿಗೆ ಮಾತು ಕೊಟ್ಟಿದ್ದೀರಿ. ಸೀತೂರಿನ ನನ್ನ ತವರಿನಲ್ಲಿ ನಮ್ಮಮ್ಮನಿಗೆ ದಿನಕ್ಕೆ ಹತ್ತು ಸಲ ಅದನ್ನೇ ಹೇಳುತ್ತಿದ್ದಾಳಂತೆ. ಕಳಿಸುವುದಿಲ್ಲ ಎಂದು ನಾನು ಹೇಳುವುದಿಲ್ಲ. ಅದಕ್ಕೆ ಮೊದಲು ನನಗೇನಾಯಿತು ಎನ್ನುವುದನ್ನು ಪೂರ್ತಿ ಕೇಳಿ.

ಕೊಪ್ಪದ ಉಮಾಮಹೇಶ್ವರ ಭಟ್ಟರ ಮಗಳು ಅನನ್ಯಳ ಮದುವೆ ಭಾನುವಾರ ಹೈದರಾಬಾದಿನಲ್ಲಿತ್ತು. ಗಂಡಿನ ಕಡೆಯವರು ಅಲ್ಲೇ ನೆಲೆಸಿದವರು. ವಿಡಿಯೋಕ್ಕೆ ನಾನೇ ಬರಬೇಕೆಂದು ಹಟ ಹಿಡಿದವಳು ಅನನ್ಯ. ನಾವಿಬ್ಬರೂ ಒಟ್ಟಿಗಿದ್ದಾಗ ದೂರದ ಕೆಲಸ, ವಿಮಾನ, ಹೋಟೆಲು ಎಲ್ಲ ನಿಮ್ಮದು. ನನ್ನದು ಊರಿನ ಗೃಹಪ್ರವೇಶ, ನಾಮಕರಣ. ಹಾಗಾಗಿ ವಿಮಾನ ಎಂದ ಕೂಡಲೇ ಬೇಡ ಎನ್ನಬೇಕೆನಿಸಿತು. ಆದರೂ ಒಪ್ಪಿಕೊಂಡೆ. ನೀವು ಇಲ್ಲದೆ ಈ ಸ್ಟುಡಿಯೋ ನಡೆಯುವುದಿಲ್ಲ ಎಂದವರಿಗೆಲ್ಲ ತೋರಿಸಬೇಕಿತ್ತು.

ಭಟ್ಟರು ಶನಿವಾರಕ್ಕೆ ಶಿವಮೊಗ್ಗದಿಂದ ವಿಮಾನದ ಟಿಕೆಟ್ ಮಾಡಿಸಿದ್ದರು, ನನಗೂ ತಮ್ಮ ಅಕ್ಕ ಸುಮಿತ್ರಮ್ಮನಿಗೂ. ಮಂಡಿ ನೋವಿನಿಂದ ಅವರಿಗೆ ರೈಲು ಹತ್ತಿ ಇಳಿಯಲು ಆಗುವುದಿಲ್ಲ. “ಅಕ್ಕನ್ನ ನಿನ್ನ ಕೈಲಿ ಕೊಟ್ಟಿದ್ದೀನಿ, ಅಲ್ಲಿ ಇಳಿಸಿಕೊಂಡು ಬಾ” ಎಂದಿದ್ದರು. ಅವರಿಗೂ ಮೊದಲ ವಿಮಾನ, ನನಗೂ ಮೊದಲನೆಯದು. ಅದನ್ನು ನಾನು ಅವರಿಗೆ ಹೇಳಿರಲಿಲ್ಲ.

ಕ್ಯಾಮರಾ ಚೀಲವನ್ನು ಪಕ್ಕದ ಅಡಿಕೆ ಮಂಡಿಯ ತಕ್ಕಡಿಯಲ್ಲಿಟ್ಟು ನೋಡಿದರೆ ಹನ್ನೊಂದು ಕಿಲೋ. ಒಳಗೆ ಒಯ್ಯಲು ಬಿಡುವುದು ಏಳೇ ಕಿಲೋ. ಆಗ ನೀವು ಹೇಳುತ್ತಿದ್ದದ್ದೆಲ್ಲ ನೆನಪಾಯಿತು. ದೊಡ್ಡ ಜೇಬಿನ ಜಾಕೆಟ್ ಹಾಕು, ಲೆನ್ಸೆಲ್ಲ ಜೇಬಿಗೆ ತುಂಬು, ಕ್ಯಾಮರಾ ಕೊರಳಿಗೆ ನೇತುಹಾಕು, ಚೀಲ ಹಗುರ ಇದ್ದ ಹಾಗೆ ಒಂದೇ ಭುಜದಲ್ಲಿ ಇಟ್ಟುಕೊಂಡು ನಗುತ್ತಾ ನಡಿ. ನೀವು ಬಿಟ್ಟುಹೋದ ಆ ಹಸಿರು ಜಾಕೆಟ್ಟನ್ನೇ ಹಾಕಿಕೊಂಡೆ. ನಗು ಮಾತ್ರ ಬರಲಿಲ್ಲ.

ಚೀಲ ಜೋಡಿಸುವಾಗ ವಿಡಿಯೋ ಲೈಟಿನ ಬ್ಯಾಟರಿಯೊಂದು ಅದರ ಜಾಗದಲ್ಲಿ ಕೂರಲಿಲ್ಲ. ನೋಡಿದರೆ ಹೊಟ್ಟೆ ಉಬ್ಬಿತ್ತು. ಇದನ್ನು ಒಯ್ಯಬಾರದು, ತೆಗೆದಿಡಬೇಕು ಎಂದುಕೊಂಡು, ಸದ್ಯಕ್ಕೆ ಚೀಲದ ಪಕ್ಕದ ಜಿಪ್ಪಿನೊಳಗೆ ಹಾಕಿದೆ. ಅಷ್ಟರಲ್ಲಿ ಕಾರು ಬಂತು, ಸುಮಿತ್ರಮ್ಮನ ಕೈಚೀಲ, ಮಾತ್ರೆ, ನೀರಿನ ಬಾಟ್ಲಿ ಎಂದು ಓಡಾಡುವುದರಲ್ಲಿ ಅದು ಅಲ್ಲೇ ಉಳಿಯಿತು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಒಂದೊಂದೇ ಸಾಮಾನು ತೆಗೆಸಿ ನೋಡಿದರು. ವೈರು, ಮೈಕು, ಲೈಟುಗಳ ರಾಶಿಯಲ್ಲಿ ಆ ಒಂದು ಬ್ಯಾಟರಿಯ ಹೊಟ್ಟೆ ಯಾರ ಕಣ್ಣಿಗೂ ಬೀಳಲಿಲ್ಲ, ನನ್ನ ಕಣ್ಣಿಗೂ.

ವಿಮಾನ ಹತ್ತುವ ಬಾಗಿಲಿನಲ್ಲಿ ಒಂದು ಹುಡುಗಿ ಚೀಲವನ್ನು ತೂಕಕ್ಕಿಡಲು ಹೇಳಿದಳು. ಮರ್ಯಾದೆಯಿಂದಲೇ ಹೇಳಿದಳು. ನಾನು ಎರಡನೇ ಕ್ಯಾಮರಾ ತೆಗೆದು ಕೊರಳಿಗೆ ಹಾಕಿಕೊಂಡೆ. ಇನ್ನೊಂದು ಲೆನ್ಸು ಜೇಬಿಗೆ ತುರುಕಿದೆ. ಆದರೂ ಜಾಸ್ತಿ ಬಂತು. ಹಿಂದೆ ಸಾಲು ಬೆಳೆಯುತ್ತಿತ್ತು, ಯಾರೋ ನಾಲಿಗೆ ಲೊಚಗುಟ್ಟಿದರು. “ಚಿಕ್ಕ ವಿಮಾನ ಮೇಡಂ, ಮೇಲೆ ಜಾಗ ಇಲ್ಲ. ಕೆಳಗೆ ಸಾಮಾನಿನ ಜೊತೆ ಹಾಕ್ತೀವಿ. ಬ್ಯಾಟರಿ, ಪವರ್ ಬ್ಯಾಂಕ್ ಇದ್ರೆ ತೆಗೆದು ಕೈಯಲ್ಲಿ ಇಟ್ಕೊಳ್ಳಿ” ಎಂದಳು. ಕ್ಯಾಮರಾ ಬ್ಯಾಟರಿಗಳ ಪೌಚು ತೆಗೆದು ತೋರಿಸಿದೆ. “ಇನ್ನು ಇಲ್ವಾ?” ಎಂದಳು. ಇಲ್ಲ ಎಂದೆ. ಆ ಕ್ಷಣಕ್ಕೆ ನನಗೆ ಅದು ನಿಜವೇ ಆಗಿತ್ತು. ಅವಳು ಚೀಲಕ್ಕೆ ಚೀಟಿ ಕಟ್ಟಿದಳು, ಒಬ್ಬ ಎತ್ತಿಕೊಂಡು ಹೋದ.

ಸೀಟಿನಲ್ಲಿ ಕೂತ ಮೇಲೆ ಜೇಬಿನ ಲೆನ್ಸುಗಳು ಪಕ್ಕೆಗೆ ಒತ್ತುತ್ತಿದ್ದವು. ಸುಮಿತ್ರಮ್ಮ ಕಿಟಕಿಯ ಹತ್ತಿರ ಕೂತು ರೆಕ್ಕೆಯ ಫ್ಯಾನು ತಿರುಗುವುದನ್ನು ಬೆರಗಿನಿಂದ ನೋಡುತ್ತಿದ್ದರು. ನಾನು ಸಂಜೆಯ ವರಪೂಜೆಗೆ ಬೇಕಾದದ್ದನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಕ್ಯಾಮರಾ ಇಲ್ಲಿದೆ, ಲೆನ್ಸು ಇಲ್ಲಿದೆ, ಮೈಕು ಚೀಲದಲ್ಲಿ, ಲೈಟು ಚೀಲದಲ್ಲಿ, ಲೈಟಿನ ಬ್ಯಾಟರಿ...

ಆಗ ಹೊಳೆಯಿತು.

ಅದು ಯಾವ ಬ್ಯಾಟರಿ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಚಾರ್ಜಿಗೆ ಇಟ್ಟದ್ದು ಸಿಡಿದು ಪರದೆ ಹತ್ತಿಕೊಂಡಿತಲ್ಲ, ಅದೇ ಡಬ್ಬಿಯಿಂದ ಬಂದದ್ದು. ರಕ್ಷಾ ಆ ಮಧ್ಯಾಹ್ನ ಊಟ ಮಾಡಿ ಚಾಪೆಯ ಮೇಲೆ ಮಲಗಿದ್ದಳು. ನಾನು ಅವಳನ್ನು ಕಾಲು ಹಿಡಿದು ಎಳೆದೆ. ನೀವು ಒದ್ದೆ ಗೋಣಿ ಹಾಕಿ ಆರಿಸಿದಿರಿ. ಆಮೇಲೆ ಗೋಡೆಗೆ ಒರಗಿ ನಕ್ಕಿರಿ. “ಎಂತ ಆಯ್ತೀಗ? ಒಂದು ಪರದೆ ಹೋಯ್ತು ಅಷ್ಟೆ” ಎಂದಿರಿ. ಬೆಂಕಿಯನ್ನು ನಾನು ಮರೆತೇನು, ಆ ನಗುವನ್ನು ಮರೆಯಲು ಆಗಲಿಲ್ಲ. ನಾನು ಬೇರೆ ಇರಬೇಕೆಂದು ಹೇಳಿದ್ದು ಅದಾದ ವಾರಕ್ಕೆ.

ವಿಮಾನ ನಿಧಾನಕ್ಕೆ ಹೊರಳಿತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದ ಹಾಗಾಯಿತು. ಮೂಗು ಮುಚ್ಚಿಕೊಂಡರೂ ಬರುತ್ತಿತ್ತು. ಚೀಲ ಎಲ್ಲಿದೆಯೋ ನನಗೆ ಗೊತ್ತಿರಲಿಲ್ಲ, ಆದರೆ ಸರಿಯಾಗಿ ನನ್ನ ಪಾದದ ಕೆಳಗೇ ಇದೆ ಎನಿಸಿ ಕಾಲನ್ನು ಮೇಲೆ ಎತ್ತಿಕೊಂಡೆ. ಅದರೊಳಗೆ ಸ್ಟ್ಯಾಂಡಿನ ಕಬ್ಬಿಣ, ಲೈಟು, ಅದರ ಮೇಲೆ ಯಾರ್ಯಾರದೋ ಪೆಟ್ಟಿಗೆಯ ಭಾರ. ಮೇಲೆ ಹೋದ ಮೇಲೆ ಹತ್ತಿಕೊಂಡರೆ ಎಳೆದುಕೊಂಡು ಓಡಲು ಬಾಗಿಲಿಲ್ಲ.

“ಎಂತಾಯ್ತು ಕೂಸೆ, ಮೈಯೆಲ್ಲ ನಡುಗ್ತಾ ಉಂಟಲ್ಲ?” ಎಂದರು ಸುಮಿತ್ರಮ್ಮ. ಅವರ ಕಿವಿಯಲ್ಲಿ ಹೇಳಿದೆ. ಅವರು ಅತ್ತ ಇತ್ತ ನೋಡಿ ನನ್ನ ಮೊಣಕೈ ಹಿಡಿದರು. “ಸುಮ್ನಿರು. ಈಗ ಹೇಳಿದ್ರೆ ನಿನ್ನ ಇಳಿಸ್ತಾರೆ. ಪೊಲೀಸ್ರು ಬರ್ತಾರೆ. ಮದುವೆ ಇಟ್ಕೊಂಡು ಇದೆಲ್ಲ ಬೇಕಾ? ಎಂತ ಆಗಲ್ಲ, ದೇವ್ರ ಹೆಸರು ಹೇಳ್ಕೋ.”

ನಾನು ಸುಮ್ಮನಾದೆ. ಎಷ್ಟು ಹೊತ್ತು ಎಂದು ಕೇಳಬೇಡಿ. ಅನನ್ಯಳ ಧಾರೆ ಎರಡನೇ ಸಲ ನಡೆಯುವುದಿಲ್ಲ. ಇಳಿಸಿದರೆ ಆ ದಿನ ಬೇರೆ ವಿಮಾನವಿಲ್ಲ. ಸುಮಿತ್ರಮ್ಮ ಒಬ್ಬರೇ ಹೋಗಬೇಕು. ಅಂಬಿಕಾ ವಿಮಾನದಲ್ಲಿ ಗಲಾಟೆ ಮಾಡಿದಳಂತೆ ಎಂದು ಕೊಪ್ಪದಿಂದ ಶೃಂಗೇರಿಯವರೆಗೆ ಸುದ್ದಿಯಾಗುತ್ತದೆ, ನಿಮ್ಮ ಕಿವಿಗೂ ಬೀಳುತ್ತದೆ. ನಿಜ ಹೇಳಬೇಕೆಂದರೆ, ಬೆಂಕಿಯಷ್ಟೇ ಹೆದರಿಕೆ ನನಗೆ ನಿಮ್ಮ ಕಿವಿಯದ್ದೂ ಇತ್ತು.

ವಿಮಾನ ಓಟದ ದಾರಿಯ ತುದಿಗೆ ಬಂದು ತಿರುಗಿ ನಿಂತಿತು. ಫ್ಯಾನಿನ ಸದ್ದು ಏರತೊಡಗಿತು. ಸಾಲಿನಾಚೆ ಒಬ್ಬ ತಾಯಿ ತೊಡೆಯ ಮೇಲಿನ ಮಗುವಿನ ಕಿವಿಯನ್ನು ಎರಡೂ ಕೈಯಿಂದ ಮುಚ್ಚಿದಳು. ನಾನು ಬೆಲ್ಟ್ ಬಿಚ್ಚಿ ಎದ್ದು ನಿಂತೆ.

ಎದುರು ಕೂತಿದ್ದ ಗಗನಸಖಿ ಕೂತುಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಕೂಗಿದಳು. ನಾನು ಕನ್ನಡದಲ್ಲೇ ಕಿರುಚಿದೆ. “ಕೆಳಗೆ ಹಾಕಿದ ನನ್ನ ಚೀಲದಲ್ಲಿ ಬ್ಯಾಟರಿ ಇದೆ! ಉಬ್ಬಿದೆ! ವಿಮಾನ ನಿಲ್ಸಿ!” ಬ್ಯಾಟರಿ ಎಂಬ ಒಂದು ಮಾತು ಅವಳಿಗೆ ಸಾಕಾಯಿತು. ಫೋನು ಎತ್ತಿ ಪೈಲಟ್ಟಿಗೆ ಏನೋ ಹೇಳಿದಳು. ಸದ್ದು ಇಳಿಯಿತು. ಆಮೇಲೆ ಎಲ್ಲರ ಮುಖವೂ ನನ್ನ ಕಡೆ ತಿರುಗಿತು. ಒಬ್ಬರು ಬೈದರು, ಒಬ್ಬರು ಮೊಬೈಲು ಎತ್ತಿ ನನ್ನ ವಿಡಿಯೋ ಮಾಡಿದರು. ಜೀವಮಾನವೆಲ್ಲ ಬೇರೆಯವರ ಮೇಲೆ ಕ್ಯಾಮರಾ ಹಿಡಿದ ನನಗೆ, ಹಿಡಿಸಿಕೊಳ್ಳುವುದು ಹೇಗಿರುತ್ತದೆಂದು ಗೊತ್ತಾಯಿತು.

ವಿಮಾನವನ್ನು ಹಿಂದಕ್ಕೆ ತಂದು ನನ್ನನ್ನು ಇಳಿಸಿದರು. ಚೀಲ ಹುಡುಕಿ ತೆಗೆದು ದೂರದಲ್ಲಿ ನೆಲದ ಮೇಲಿಟ್ಟರು. ಯಾವ ಜಿಪ್ಪು ಎಂದು ನಾನು ದೂರದಿಂದಲೇ ಕೂಗಿ ಹೇಳಬೇಕಾಯಿತು. ಕೈಗವಸು ಹಾಕಿದವನೊಬ್ಬ ತೆಗೆದ. ಬ್ಯಾಟರಿ ಕಾದ ಕಾವಲಿಯ ಹಾಗೆ ಬಿಸಿಯಾಗಿತ್ತು. ಮರಳಿನ ಬಕೆಟ್ಟಿಗೆ ಹಾಕಿದರು.

ಆಗ ನಡೆದದ್ದನ್ನು ಯಾರಿಗೂ ಹೇಳಿಲ್ಲ, ನಿಮಗೆ ಮಾತ್ರ ಹೇಳುತ್ತೇನೆ. ನನಗೆ ನಗು ಬಂತು. ತಡೆಯಲು ನೋಡಿದಷ್ಟೂ ಜಾಸ್ತಿಯಾಯಿತು. ಆ ಬಿಸಿಲಿನಲ್ಲಿ, ಬಂದೂಕು ಹಿಡಿದವರ ನಡುವೆ, ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಧಿಕಾರಿ ಒಬ್ಬರು “ಇದರಲ್ಲಿ ನಗುವುದು ಏನಿದೆ?” ಎಂದು ಗದರಿದರು. ಏನೂ ಇರಲಿಲ್ಲ. ಕಾಲು ನಿಲ್ಲುತ್ತಿರಲಿಲ್ಲ, ಹಲ್ಲು ಕಟಕಟ ಎನ್ನುತ್ತಿತ್ತು, ಬಾಯಿ ತಾನಾಗಿ ನಗುತ್ತಿತ್ತು. ಗೋಡೆಗೆ ಒರಗಿ ನಿಂತಿದ್ದ ನೀವು ಕಣ್ಣೆದುರು ಬಂದಿರಿ. ಆ ಹೊತ್ತು ನಿಮ್ಮ ಕಾಲೂ ನಡುಗುತ್ತಿತ್ತೋ ಏನೋ. ನಾನು ನಿಮ್ಮ ಬಾಯಿಯನ್ನಷ್ಟೇ ನೋಡಿದ್ದೆ.

ಒಂದು ಕೋಣೆಯಲ್ಲಿ ಕೂರಿಸಿ ಕೇಳಿದ್ದನ್ನೇ ತಿರುಗಿಸಿ ಮುರುಗಿಸಿ ಕೇಳಿದರು. ಗಾಜಿನಾಚೆ ವಿಮಾನ ಹೊರಟಿತು. ಕಿಟಕಿಯಲ್ಲಿ ಸುಮಿತ್ರಮ್ಮನ ಮುಖ ಕಂಡಿತು, ಅಂಗೈಯನ್ನು ಗಾಜಿಗೆ ಒತ್ತಿ ಹಿಡಿದಿದ್ದರು. ಆ ವಿಮಾನ ಹೈದರಾಬಾದಿನಲ್ಲಿ ಇಳಿಯಿತೆಂದು ತಿಳಿಯುವವರೆಗೆ ನನಗೆ ನೀರೂ ಇಳಿಯಲಿಲ್ಲ. ಆ ಡಬ್ಬಿಯ ಇನ್ನೊಂದು ಬ್ಯಾಟರಿ ಕೆಳಗೆ ಎಲ್ಲೋ ಬಿದ್ದು ಉಳಿದಿದ್ದರೆ ಎಂದೇ ಅನ್ನಿಸುತ್ತಿತ್ತು. ಅದು ಹೊರಡುವ ಅವಸರದಲ್ಲಿ ಮನೆಯಲ್ಲೇ ಉಳಿದಿತ್ತು. ಆದರೂ ಹಾಗೆ ಅನ್ನಿಸುತ್ತಿತ್ತು.

ಆಮೇಲೆ ನನ್ನನ್ನು ಬಿಟ್ಟರು. ಬಸ್ಸು ಹಿಡಿದು ಹೋದೆ. ವರಪೂಜೆ ತಪ್ಪಿತು. ಧಾರೆಗೆ ಸ್ವಲ್ಪ ಮುಂಚೆ, ಅದೇ ಜಾಕೆಟ್ಟಿನಲ್ಲಿ ಛತ್ರದ ಮೆಟ್ಟಿಲು ಹತ್ತಿದೆ. ಉಮಾಮಹೇಶ್ವರ ಭಟ್ಟರು ಬಾಗಿಲಲ್ಲೇ ಹಿಡಿದರು. “ನಿನ್ನ ನಂಬಿ ಅಕ್ಕನ್ನ ಕಳ್ಸಿದ್ದೆ. ಗೊತ್ತಿಲ್ಲದ ಊರಲ್ಲಿ ಒಬ್ಬಳೇ ಇಳಿದು ಅಳ್ತಾ ನಿಂತಿದ್ಲು. ನಾಚ್ಕೆ ಆಗಲ್ವಾ ನಿಂಗೆ?” ಎಂದರು. ಅಷ್ಟರಲ್ಲಿ ಸುಮಿತ್ರಮ್ಮ ಕೋಲೂರಿಕೊಂಡು ಬಂದು ನನ್ನ ಮುಂದೆ ನಿಂತರು. “ಅವಳನ್ನ ಎಂತಕ್ಕೆ ಬಯ್ತಿ? ಅದ್ರಿಂದ ಹೊಗೆ ಬರ್ತಿತ್ತು, ನಾನೇ ಕಿಟಕೀಲಿ ಕಂಡೆ. ಈ ಕೂಸು ಏಳದಿದ್ರೆ ನಾನೀಗ ಬೂದಿ. ನಾನೇ ಸುಮ್ನಿರು ಅಂದಿದ್ದೆ ಮಾರಾಯ, ಇವ್ಳು ನನ್ನ ಮಾತು ಕೇಳ್ಲಿಲ್ಲ, ನನ್ನ ಪುಣ್ಯ” ಎಂದರು. ಹೊಗೆ ಎಲ್ಲ ಅವರು ಸೇರಿಸಿದ್ದು. ಬ್ಯಾಟರಿ ಬಿಸಿಯಾಗಿದ್ದದ್ದು ಮಾತ್ರ ನಿಜ. ಭಟ್ಟರು ಬಾಗಿಲಿನಿಂದ ಪಕ್ಕಕ್ಕೆ ಸರಿದು, ಮೊದಲು ಕಾಫಿ ಕುಡಿದು ಬಾ ಎಂದರು.

ಧಾರೆ ಶೂಟ್ ಮಾಡಿದೆ. ಲೈಟಿಲ್ಲದೆ, ನಿದ್ದೆಯಿಲ್ಲದ ಕಣ್ಣಲ್ಲಿ. ಚಿತ್ರ ಅಲುಗಿದೆ. ಅನನ್ಯ ನೋಡಿ ಏನು ಹೇಳುತ್ತಾಳೋ ಗೊತ್ತಿಲ್ಲ.

ಈಗ ನಿಮ್ಮ ವಿಷಯ. ಸಾಮಾನು ಹಂಚಿಕೊಂಡಾಗ ಆ ಡಬ್ಬಿಯಲ್ಲಿ ಉಳಿದ ನಾಲ್ಕು ಬ್ಯಾಟರಿಯಲ್ಲಿ ಎರಡು ನನಗೆ ಬಂದವು, ಎರಡು ನಿಮಗೆ. ನನ್ನದರಲ್ಲಿ ಒಂದು ಉಬ್ಬಿದೆ ಎಂದರೆ ನಿಮ್ಮವು ಹೇಗಿವೆಯೋ. ಶುಕ್ರವಾರ ನಿಮ್ಮ ಚೀಲವೂ ಏಳು ಕಿಲೋದ ಒಳಗೆ ನಿಲ್ಲುವುದಿಲ್ಲ. ಬಾಗಿಲಲ್ಲಿ ನಿಮ್ಮಿಂದಲೂ ತೆಗೆದುಕೊಂಡು ಕೆಳಗೆ ಹಾಕಬಹುದು. ಆ ಸೀಟಿನಲ್ಲಿ ನನ್ನ ಮಗಳು ಕೂತಿರುತ್ತಾಳೆ. ದಮ್ಮಯ್ಯ, ಆ ಎರಡನ್ನೂ ಅಪ್ಪನ ಎದುರೇ ಹೊರಗೆ ತೆಗೆಯಿರಿ. ಮತ್ತೆ ಚಾರ್ಜಿಗೆ ಇಡಬೇಡಿ. ಗೋವಾದ ಮದುವೆಗೆ ಬೆಳಕು ಕಮ್ಮಿಯಾದರೆ ಆಗಲಿ. ಬೇರೆ ಬ್ಯಾಟರಿಗಳೆಲ್ಲ ನಿಮ್ಮ ಮೈಮೇಲಿನ ಜೇಬಿನಲ್ಲಿರಲಿ. ಚೀಲ ಕೊಡಬೇಕಾಗಿ ಬಂದರೆ ಹಿಂದೆ ಸಾಲು ನಿಂತರೂ ನಿಲ್ಲಲಿ, ಪ್ರತಿಯೊಂದು ಜಿಪ್ಪನ್ನೂ ಎಳೆದು ನೋಡಿ ಕೊಡಿ.

ರಕ್ಷಾಳಿಗೆ ಕಿವಿಗೆ ಹತ್ತಿ ಇಡಿ. ಸಮುದ್ರದ ಹತ್ತಿರ ಕೈ ಬಿಡಬೇಡಿ. ನಾನು ಹೀಗೆಲ್ಲ ಬರೆದದ್ದು ಅವಳಿಗೆ ಗೊತ್ತಾಗುವುದು ಬೇಡ.

ಅವಸರದಲ್ಲಿ ಬರೆದದ್ದರಿಂದ ಅಕ್ಷರ ಕೆಟ್ಟಿದೆ, ಮನ್ನಿಸಿ.

ಅಂಬಿಕಾ

ತಾ.ಕ.: ಕಾಗದ ಮಡಚಿದವಳು ಮತ್ತೆ ಬಿಚ್ಚಿದೆ. ಬ್ಯಾಟರಿ ಬಿಸಿಯಾಗಿತ್ತು ಎಂದು ಬರೆದೆನಲ್ಲ, ಅದು ಸುಳ್ಳು. ತಣ್ಣಗಿತ್ತು. ಕೈಗವಸಿನವನು ಅದನ್ನು ಅಂಗೈಯಲ್ಲಿಟ್ಟು ನೋಡಿ, ಇದು ಇವತ್ತು ಎಂತದೂ ಆಗ್ತಿರ್ಲಿಲ್ಲವೇನೋ ಮೇಡಂ ಎಂದ. ಭಟ್ಟರ ಎದುರು ಸುಮಿತ್ರಮ್ಮ ಹೊಗೆ ಎಂದಾಗ ನಾನು ಬಾಯಿ ಬಿಡಲಿಲ್ಲ. ತಣ್ಣಗಿತ್ತು ಎಂದರೆ ನೀವು ಈ ಕಾಗದವನ್ನು ಅಲ್ಲಿಗೇ ಬಿಡುತ್ತೀರಿ ಎಂದು ಹೆದರಿ ನಿಮಗೂ ಹಾಗೇ ಬರೆದೆ. ನಾಳೆ ಅದೇ ಸೀಟಿನಲ್ಲಿ ಕೂರಿಸಿದರೂ, ಅದು ತಣ್ಣಗಿದೆ ಎಂದು ಗೊತ್ತಿದ್ದರೂ, ನಾನು ಎದ್ದು ನಿಲ್ಲುತ್ತೇನೆ. ಓದಿದ್ದು ಆಯಿತಲ್ಲ, ಈಗ ಚೀಲ ಬಿಚ್ಚಿ.