ಹಿಂಡಲಗಾ ಜೈಲಿನ ಭೇಟಿ

ಸದಾಶಿವನಗರ, ಬೆಳಗಾವಿ
ಶ್ರಾವಣ, 1976

ಮಾನ್ಯ ರಾಯಭಾರಿಗಳಿಗೆ, ಅಂದರೆ ನಮ್ಮ ಮನೆಯವರಿಗೆ, ಗಂಗಾದೇವಿಯ ಶರಣು.

ವಿಮಾನದ ಟಿಕೆಟು ಕಳಿಸಿ, ಬೇಗ ಹೊರಟು ಬಾ ಎಂದು ಬರೆದಿದ್ದೀರಿ. ಸೀರೆ ಮಡಚಿ ಟ್ರಂಕಿಗೆ ಇಡುತ್ತೇನೆ, ಮತ್ತೆ ತೆಗೆಯುತ್ತೇನೆ. ಕುಂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಈ ಪತ್ರವನ್ನು ನಡುವೆ ಯಾರಾದರೂ ಒಡೆದು ಓದುವವರಿದ್ದರೆ ಓದಲಿ.

ಹೋದ ವಾರ ರೇಡಿಯೋ ವಾರ್ತೆಯಲ್ಲಿ ನಿಮ್ಮ ಹೆಸರು ಬಂತು. ಬರೆದದ್ದಕ್ಕಾಗಿ ನಮ್ಮ ದೇಶದಲ್ಲಿ ಯಾವ ಪತ್ರಕರ್ತನೂ ಜೈಲಿನಲ್ಲಿಲ್ಲ ಎಂದು ಅಲ್ಲಿಯ ಪತ್ರಿಕೆಯವರಿಗೆ ಹೇಳಿದಿರಂತೆ. ಒಲೆಯ ಮೇಲಿನ ಹಾಲು ಉಕ್ಕಿ ಹೋದದ್ದೂ ನನಗೆ ತಿಳಿಯಲಿಲ್ಲ. ಹಾಗಾದರೆ ಗುರುಪುತ್ರಪ್ಪನವರು ಯಾರು? ಕೋಟೆಯ ಹತ್ತಿರ ನೀವಿಬ್ಬರೂ ವಾರಪತ್ರಿಕೆ ಶುರು ಮಾಡಿದಾಗ ನಾನು ಕಟ್ಟಿಕೊಟ್ಟ ರೊಟ್ಟಿಯನ್ನು ಹಂಚಿಕೊಂಡು ತಿಂದವರು. ಖಾನಾಪುರದ ಹಂಚಿನ ಕಾರ್ಖಾನೆಯ ಮುಷ್ಕರದ ಸುದ್ದಿಯನ್ನು ನೀವು ಬರೆದಿರಿ, ಅವರು ಹೆದರದೆ ಅಚ್ಚು ಹಾಕಿದರು. ಆ ಕೂಲಿಕಾರರೇ ಕೆಂಪು ಬಾವುಟ ಹಿಡಿದು ನಿಮ್ಮನ್ನು ಆರಿಸಿ ಕಳಿಸಿದರು. ನೀವು ದಿಲ್ಲಿಗೆ ಹೋದಿರಿ, ಅಲ್ಲಿಂದ ಪರದೇಶಕ್ಕೆ. ಅವರು ಪತ್ರಿಕೆ ನಡೆಸಿಕೊಂಡು ಇಲ್ಲೇ ಉಳಿದರು. ಸರಕಾರದ ವಿರುದ್ಧ ಬರೆದರೆಂದು ಪೊಲೀಸರು ಅವರನ್ನು ಹಿಡಿದೊಯ್ದ ದಿನವೇ ನಿಮಗೆ ತಂತಿ ಕೊಟ್ಟೆ. ಸಮಾಧಾನದಿಂದಿರು ಎಂದು ಉತ್ತರ ಬಂತು. ಸಮಾಧಾನವನ್ನು ಸಂತೆಯಲ್ಲಿ ಮಾರುತ್ತಾರೆಯೇ?

ನಿನ್ನೆ ಹಿಂಡಲಗಾ ಜೈಲಿಗೆ ಹೋಗಿದ್ದೆ. ಮನೆಯವರನ್ನಷ್ಟೇ ಒಳಗೆ ಬಿಡುತ್ತಾರೆ, ಅದಕ್ಕೆ ತಂಗಿ ಎಂದು ಹೇಳಿಕೊಂಡೆ. ಗೆಳೆಯನ ಹೆಂಡತಿಯೆಂದು ಇಷ್ಟು ವರ್ಷ ವೈನಿ, ಅಂದರೆ ಅತ್ತಿಗೆ, ಎಂದು ಕರೆದವರು ಪಹರೆಯವನ ಎದುರು ಬಾ ತಂಗಿ ಎಂದರು. ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಬಹಳ ಇಳಿದುಹೋಗಿದ್ದಾರೆ. ಮನೆ, ಮಳೆ ಎಲ್ಲ ವಿಚಾರಿಸಿದ ಮೇಲೆ ಸಣ್ಣ ದನಿಯಲ್ಲಿ ಕೇಳಿದರು:

“ರೇಡಿಯೋದಾಗ ಕೇಳೇನಿ. ನಾ ಒಳಗ ಇರೂದು ಅವಗ ಗೊತ್ತೈತೇನು?”

“ಇಲ್ಲರೀ ಅಣ್ಣಾ, ಗೊತ್ತಿಲ್ಲ” ಎಂದುಬಿಟ್ಟೆ.

ಅವರ ಮುಖ ಅರಳಿತು. “ನಾನೂ ಇಲ್ಲಿ ಎಲ್ಲಾರ ಜೋಡಿ ಅದನ್ನ ಹೇಳಿ ಜಗಳಾಡೇನಿ. ಖರೇನ ಗೊತ್ತಿದ್ದರ ಅಂವ ಹಂಗ ಅಂತಿದ್ದಿಲ್ಲ.”

ನಿಮ್ಮ ಮೇಲಿನ ಪ್ರೀತಿಯೇ ನನ್ನಿಂದ ಆ ಸುಳ್ಳು ಆಡಿಸಿತು. ಟ್ರಂಕಿನ ಸೀರೆಗಳನ್ನೆಲ್ಲ ತೆಗೆದು ಮತ್ತೆ ಕಪಾಟಿನಲ್ಲಿಡುತ್ತೇನೆ. ನಾನು ಅಲ್ಲಿಗೆ ಬರುವುದಿಲ್ಲ. ಗುರುಪುತ್ರಪ್ಪ ಜೈಲಿನಲ್ಲಿದ್ದಾನೆ ಎಂದು ಅದೇ ಪತ್ರಿಕೆಯವರ ಮುಂದೆ ಒಮ್ಮೆ ಹೇಳಿ. ಕುರ್ಚಿ ಹೋದರೆ ಹೋಗಲಿ, ಮನೆಗೆ ಬನ್ನಿ, ಜೋಳದ ರೊಟ್ಟಿಗೇನೂ ಕಡಿಮೆಯಿಲ್ಲ. ಮುಂದಿನ ತಿಂಗಳು ಮತ್ತೆ ಭೇಟಿಗೆ ಬಿಡುತ್ತಾರೆ. ಅಷ್ಟರೊಳಗೆ ನೀವು ಬಾಯಿ ಬಿಡದಿದ್ದರೆ, ನಿಮಗೆ ಮೊದಲೇ ಗೊತ್ತಿತ್ತು ಎಂದು ನಾನೇ ಅವರಿಗೆ ಹೇಳುತ್ತೇನೆ.

ಬಸವಣ್ಣ ನಿಮಗೆ ಧೈರ್ಯ ಕೊಡಲಿ.

ಇನ್ನೂ ನಿಮ್ಮವಳೇ ಆದ,
ಗಂಗಾದೇವಿ