ಗಟ್ಟಿಯಾಗಿ ಕೂತ ಕ್ಯಾಪ್

ತಾ. 6, ಶುಕ್ರವಾರ, ಸಂಜೆ 6

ಬೆಳಿಗ್ಗೆಯಿಂದ ಹಲ್ಲಿಗೆ ಹಾಕುವ ಏಳು ಕ್ಯಾಪ್, ಒಂದು ಪೂರ್ತಿ ಹಲ್ಲುಸೆಟ್ಟು. ಸೆಟ್ಟಿನ ಮುದುಕರಿಗೆ ಹಾಲಿನಂಥ ಬಿಳಿ ಹಲ್ಲೇ ಬೇಕಂತೆ. ಎಂಬತ್ತನೇ ವಯಸ್ಸಿಗೆ! ಪ್ಲಾಸ್ಟರ್ ಪುಡಿ ಹುಬ್ಬಿಗೂ ಹತ್ತಿದೆ. ಡಾಕ್ಟರು ಇಲ್ಲ — ಮಗಳ ಹೆರಿಗೆಗೆಂದು ಹೋದವರು ಬರುವುದು ಗುರುವಾರ. ಊರಿಗೆಲ್ಲ ಅವರೊಬ್ಬರೇ ಹಲ್ಲಿನ ಡಾಕ್ಟರು. ಹಲ್ಲು ಮಾಡುವವನು ಮೆಟ್ಟಿಲ ಕೆಳಗಿನ ಲ್ಯಾಬಿನಲ್ಲಿ ಕೂತ ನಾನು, ಹೆಸರು ಮಾತ್ರ ಅವರದು. ಇರಲಿ.

ಮಧ್ಯಾಹ್ನ ಅಕ್ಕ ಬಂದಳು, ಸೀದಾ ಬಸ್ ನಿಲ್ದಾಣದಿಂದ. ಮೈಕಿನಲ್ಲಿ ಅನೌನ್ಸ್ ಮಾಡುತ್ತಿರುವಾಗಲೇ ಕ್ಯಾಪ್ ಕಳಚಿತಂತೆ. ಕರ್ಚೀಫಿನಲ್ಲಿ ಸುತ್ತಿಕೊಂಡು ಬಂದಿದ್ದಳು.

"ಮೂರೂವರೆ ಬಸ್ಸಿನ ಜೊತೆ ಇದನ್ನೂ ನುಂಗಿಬಿಡ್ತಿದ್ದೆ ಕಣೋ!"

ಕೆಳಗೆ ಬಲಕ್ಕೆ ಅಕ್ಕಪಕ್ಕ ಎರಡು ಕ್ಯಾಪ್. ಎರಡೂ ನನ್ನ ಕೈಯವು, ನಾಲ್ಕು ವರ್ಷದ ಹಿಂದಿನವು. ಬಿದ್ದದ್ದು ಮುಂದಿನದು. ವಾಸನೆ. ಎರಡು ದಿನದಿಂದ ಬಾಯಲ್ಲಿ ಕೆಟ್ಟ ನೀರು ಬರುತ್ತಿದೆ ಎಂದಳು. ಕ್ಯಾಪಿನಡಿ ಉಳಿದ ಮೊಂಡು ಹಲ್ಲಿನ ಪಕ್ಕ ಒಂದು ಹನಿ ಹಳದಿ. ತಿಂದದ್ದು ಸಿಕ್ಕಿ ಕೊಳೆತಿರಬೇಕು. ಹತ್ತಿಯಲ್ಲಿ ಒರೆಸಿದೆ.

"ಗುರುವಾರದವರೆಗೆ ಹೀಗೇ ಇರಲಿ ಅಕ್ಕ."

"ಗಾಳಿ ಸೋಕಿದ್ರೆ ಜುಂ ಅನ್ನತ್ತೆ. ನಾನು ಬಾಯಿ ತೆರೆದೇ ಸಂಬಳ ತಗೊಳ್ಳೋಳು. ಅಂಟಿಸೋ ಮಾರಾಯ!"

ಅಂಟಿಸಿದೆ. ಸುಮ್ಮನೆ ತಾತ್ಕಾಲಿಕದ್ದಲ್ಲ, ಗಟ್ಟಿ ಸಿಮೆಂಟು. ಎರಡು ನಿಮಿಷ ಹತ್ತಿ ಕಚ್ಚಿಸಿ ಕೂರಿಸಿದೆ. ಕೂದಲು ತೂರುವಷ್ಟೂ ಸಂದಿಲ್ಲ. "ಡಾಕ್ಟರಿಗಿಂತ ನೀನೇ ವಾಸಿ" ಎಂದಳು. ಹಿಗ್ಗಿದೆ, ಸುಳ್ಳೇಕೆ.

ತಾ. 7, ಶನಿವಾರ, ಬೆಳಿಗ್ಗೆ 8

ಅಕ್ಕ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ಭಾವ ಹೋದ ಮೇಲೆ ಇಬ್ಬರೂ ಒಂದೇ ಮನೆ, ಗೋಡೆಯಾಚೆ ನರಳಿದ್ದು ಕೇಳಿಸುತ್ತಿತ್ತು. "ಒಳಗೆ ಯಾರೋ ಕುಟ್ಟಿದ ಹಾಗೆ ಕಣೋ." ಲವಂಗದ ಎಣ್ಣೆ ಹತ್ತಿಯಲ್ಲಿ ಇಟ್ಟದ್ದಾಯಿತು. ಏನೂ ಆಗಲಿಲ್ಲ.

ಡಾಕ್ಟರಿಗೆ ಫೋನ್ ಮಾಡಿ ಕ್ಯಾಪ್ ಬಿದ್ದದ್ದು, ಕೆಟ್ಟ ನೀರು, ನೋವು ಹೇಳಿದೆ. ಹಿಂದೆ ಮಗು ಅಳುತ್ತಿತ್ತು.

"ಕ್ಯಾಪ್ ಬಿದ್ದಿದೆಯಾ? ಹಾಗಾದ್ರೆ ಕೀವು ಹೊರಬರೋಕೆ ದಾರಿ ಇದೆ, ಒಳ್ಳೇದೇ. ಬೆಚ್ಚಗಿನ ಉಪ್ಪುನೀರು ಮುಕ್ಕಳಿಸಲಿ. ನೋವಿನ ಮಾತ್ರೆ ನುಂಗಲಿ, ಹಲ್ಲಿನ ಮೇಲೆ ಇಟ್ಕೊಳ್ಳೋದು ಬೇಡ. ಕೆನ್ನೆಗೆ ಶಾಖ ಕೊಡಬೇಡಿ, ಐಸ್ ಇಡಿ. ಏನೇ ಆದ್ರೂ ಕ್ಯಾಪ್ ಮಾತ್ರ ಅಂಟಿಸಬೇಡಿ. ಅಂಟಿಸಿಲ್ಲ ತಾನೇ?"

"ಇಲ್ಲ ಸಾರ್. ಲೋಟದಲ್ಲಿ ಹಾಕಿಟ್ಟಿದೀನಿ."

"ಗುಡ್. ಹಾಗಿದ್ರೆ ಗುರುವಾರದವರೆಗೆ ನಡೆಯತ್ತೆ. ಊತ ಕತ್ತಿಗೆ ಇಳಿದ್ರೆ, ನುಂಗೋಕೆ ಆಗದಿದ್ರೆ, ಒಂದು ನಿಮಿಷಾನೂ ಕಾಯಬೇಡಿ. ದೊಡ್ಡಾಸ್ಪತ್ರೆಗೆ ಹೋಗಿ."

ಲೋಟ! ಎಷ್ಟು ಸಲೀಸಾಗಿ ಬಂತು ಬಾಯಿಗೆ. ಹತ್ತೊಂಬತ್ತು ವರ್ಷ ಅವರ ಕೈಕೆಳಗೆ ಕೆಲಸ. ರೋಗಿಯ ಬಾಯಿಗೆ ನಾನು ಕೈ ಹಾಕಕೂಡದು ಎಂಬುದೊಂದೇ ಅವರ ಷರತ್ತು.

ಅದೇ ದಿನ, ಮಧ್ಯಾಹ್ನ 3

ಕ್ಯಾಪ್ ತೆಗೆಯಲು ನೋಡಿದೆ. ಇಕ್ಕಳ ತಾಗಿದ ಕೂಡಲೇ ಅಕ್ಕ ನನ್ನ ಮಣಿಕಟ್ಟು ಹಿಡಿದು ಕಿರುಚಿದಳು. ಅಲ್ಲಾಡಲೂ ಇಲ್ಲ. ಹಾಳಾದ ಸಿಮೆಂಟು... ಇಷ್ಟು ಚೆನ್ನಾಗಿ ಯಾಕೆ ಕೂರಿಸಿದೆನೋ.

ತಾ. 8, ಭಾನುವಾರ, ಬೆಳಿಗ್ಗೆ 11

ಕೆನ್ನೆ ಬನ್ನಿನ ಹಾಗೆ ಉಬ್ಬಿದೆ. ಮೊನ್ನೆವರೆಗೆ ಬಾಯಿ ತೆರೆದರೆ ಮೂರು ಬೆರಳು ನಿಲ್ಲಿಸಿ ಇಡಬಹುದಾಗಿತ್ತು. ಇವತ್ತು ಎರಡೇ.

"ಅರ್ಧ ಮುಖಕ್ಕಾದ್ರೂ ಯೌವನ ಬಂತು" ಎಂದು ಕನ್ನಡಿ ನೋಡಿಕೊಂಡಳು. ನಾನೂ ನಕ್ಕೆ. ಆಸ್ಪತ್ರೆಗೆ ಹೋಗೋಣವೇ ಎಂದು ಕೇಳಿದೆ. ಕೇಳಿದ್ದು ಹೇಗೆಂದರೆ, ಬೇಡ ಎನ್ನಲಿ ಎಂಬ ಹಾಗೆ.

"ಬೇಡ ಕಣೋ. ಗುರುವಾರ ಅವರೇ ಬರ್ತಾರಲ್ಲ."

ತಾ. 10, ಮಂಗಳವಾರ, ಬೆಳಿಗ್ಗೆ 10

ನಿನ್ನೆ ಬರೆಯಲಿಲ್ಲ. ಬರೆಯಲು ಭಯವಾಯಿತು.

ನಿನ್ನೆ ನೋವು ಇಳಿದಿದೆ ಎಂದು ಅಕ್ಕ ಕೆಲಸಕ್ಕೂ ಹೋದಳು. ಒಂಬತ್ತರ ಬಸ್ಸು ಅನೌನ್ಸ್ ಮಾಡುವಾಗ ಪ್ಲಾಟ್‌ಫಾರ್ಮಿನ ಜನ ತಲೆ ಎತ್ತಿ ನೋಡಿದರಂತೆ. ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡು ಮಾತಾಡಿದ ಹಾಗೆ. ಮೇಲ್ವಿಚಾರಕರು ಮನೆಗೆ ಕಳಿಸಿದರು. ಊರಿಗೆಲ್ಲ ಗೊತ್ತಿರುವ ದನಿ ಅದು.

ಇವತ್ತು ಒಂದೇ ಬೆರಳು. ಜ್ವರ ನೂರಾ ಎರಡು. ಕೆನ್ನೆ ಇಳಿದಿದೆ ಅಂದುಕೊಂಡೆ — ಇಳಿದದ್ದಲ್ಲ, ಗದ್ದದ ಕೆಳಗೆ ಹೋಗಿದೆ. ಮುಟ್ಟಿದೆ. ಮರದ ಹಲಗೆಯಷ್ಟು ಗಟ್ಟಿ. ಡಾಕ್ಟರು ಹೇಳಿದ ಕತ್ತು ಇದೇ. ಗೊತ್ತು. ಆದರೂ ಗುರುವಾರಕ್ಕೆ ಎರಡೇ ದಿನ ಅಂತ ಲೆಕ್ಕ ಹಾಕುತ್ತಾ ಕೂತಿದ್ದೇನೆ. ನಾಚಿಕೆಗೆ ಹೆದರಿ ಅಕ್ಕನನ್ನು ಹೀಗೆ ಕೂರಿಸಿದ್ದೇನೆ. ಥೂ ನನ್ನ ಜನ್ಮಕ್ಕೆ.

ಅದೇ ದಿನ, ಮಧ್ಯಾಹ್ನ 1

ನೀರು ಕುಡಿಸಿದೆ. ಒಳಗೆ ಹೋಗಲಿಲ್ಲ. ಎಂಜಲು ಟವೆಲ್ಲಿಗೆ ಸುರಿಯುತ್ತಿದೆ. ಮಲಗಿದರೆ ಉಸಿರು ಕಟ್ಟುತ್ತದೆ, ಮುಂದಕ್ಕೆ ಬಾಗಿ ಕೂತಿದ್ದಾಳೆ. ಆಂಬುಲೆನ್ಸಿಗೆ ಫೋನ್ ಮಾಡಿದ್ದಾಯಿತು. ಅಕ್ಕನಿಗೆ ಮಾತಾಡಲು ಆಗುತ್ತಿಲ್ಲ, ಬರೆದು ತೋರಿಸಲು ಈ ಪುಸ್ತಕವೇ ಕೈಗೆ ಸಿಕ್ಕಿತು...

ಅದೇ ದಿನ, ಸಂಜೆ 4.20, ಆಸ್ಪತ್ರೆ

ಹೊರಗಿನ ಬೆಂಚು. ಒಳಗೆ ಉಸಿರಾಟಕ್ಕೆ ನಳಿಕೆ ಹಾಕುತ್ತಿದ್ದಾರೆ. ಆಮೇಲೆ ಕೀವು ತೆಗೆದು, ಅದರ ಮೂಲದ ಹಲ್ಲನ್ನೂ ಕೀಳಬೇಕಂತೆ. ಹಲ್ಲಿನ ಎಕ್ಸ್-ರೇ ತೆಗೆಯಲು ಬಾಯಿಯೇ ತೆರೆಯುತ್ತಿಲ್ಲ. ಅಲ್ಲಿರುವುದು ಎರಡು ಕ್ಯಾಪ್.

ನರ್ಸಮ್ಮ ಈಗಷ್ಟೇ ಪುಸ್ತಕ ವಾಪಸ್ ಕೊಟ್ಟರು. ಕೊನೆಯ ಹಾಳೆಯಲ್ಲಿ ಇಲ್ಲಿನ ಡಾಕ್ಟರ ಅಕ್ಷರ, ಆಕ್ಸಿಜನ್ ಸದ್ದಿಗೆ ಕೇಳಿಸದೆಂದು ಬರೆದೇ ಕೇಳಿದ್ದಾರೆ: "ಇತ್ತೀಚೆಗೆ ಯಾವುದಾದರೂ ಕ್ಯಾಪ್ ಬಿದ್ದಿತ್ತೇ?" ಅದರ ಕೆಳಗೆ ಅಕ್ಕನದು, ಸೊಟ್ಟಸೊಟ್ಟ:

"ಇಲ್ಲ. ಎರಡೂ ಗಟ್ಟಿ ಇವೆ. ನನ್ನ ತಮ್ಮ ಏನೂ ಮಾಡಿಲ್ಲ."

ನನ್ನ ವಿಷಯ ಯಾರೂ ಕೇಳಿರಲಿಲ್ಲವಲ್ಲ ಅಕ್ಕ!

ಯಾವ ಹಲ್ಲು ಅಂತ ಅವರಿಗೆ ಗೊತ್ತಿಲ್ಲ. ನನಗೆ ಗೊತ್ತು. ಎರಡರಲ್ಲಿ ಮುಂದಿನದು. ನಾನೇ ಮುಚ್ಚಿದ್ದು, ಶುಕ್ರವಾರ, ಗಟ್ಟಿ ಸಿಮೆಂಟಿನಲ್ಲಿ. ಬಾಗಿಲಿಗೆ ಆರು ಹೆಜ್ಜೆ. ಇಲ್ಲಿ ಬರೆಯುವುದು ಸುಲಭ, ಅದಕ್ಕೇ ಇನ್ನೂ ಬರೆಯುತ್ತಾ ಕೂತಿದ್ದೇನೆ. ಏಳಬೇಕು. ಎದ್ದು ಹೇಳಿ, ಆಮೇಲೆ ಬಂದು ಬರೆಯ—

ಬಾಗಿಲು ತೆರೆಯಿತು. ಡಾಕ್ಟರು ನನ್ನ ಕಡೆಗೇ ಬರ್ತಿ—