ಕಬ್ಬಿಣದ ಬಾಟಲಿಯ ಮೇಲಿನ ಗೀಟು

ಮಾರ್ಚ್ 3, ಬೆಳಿಗ್ಗೆ 7.10

ನೀರು 21 ಡಿಗ್ರಿ. ಪಿಎಚ್ 5.9. ಪಂಪು ಗೊರಕೆ ಹೊಡೆಯುತ್ತಿದೆ, ಅಂದರೆ ಆರೋಗ್ಯವಾಗಿದೆ. ಲೆಟ್ಯೂಸ್ ಸೊಪ್ಪಿನ ಎರಡನೇ ಸಾಲಿನಲ್ಲಿ ಹೊಸ ಎಲೆಗಳು ಮತ್ತೆ ಹಳದಿ, ನರ ಮಾತ್ರ ಹಸಿರು. ಹೋದ ಬೆಳೆಯೂ ಹೀಗೇ ಶುರುವಾಗಿ ಹೀಗೇ ಮುಗಿದದ್ದು.

ಪುಸ್ತಕದ ಪ್ರಕಾರ ಕಬ್ಬಿಣದ ಕೊರತೆ. ಮಣ್ಣಿಲ್ಲದ ಬೇಸಾಯ ನಮ್ಮದು. ಗಿಡಕ್ಕೆ ಬೇಕಾದ್ದೆಲ್ಲ ನಾವೇ ನೀರಿಗೆ ಬೆರೆಸಬೇಕು. ಬೆರೆಸುವವನು ತಮ್ಮ, ಈ ಕೋಣೆಯ ನೀರಾವರಿ ಮಂತ್ರಿ. ಮಂತ್ರಿಗಳನ್ನು ಕೇಳಿದೆ. "ಹಾಕಿದೀನಲ್ಲಕ್ಕ, ಮುಚ್ಚಳದ ತುಂಬ," ಅಂದ. ಮಂತ್ರಿಗಳು ಹಾಗೆಯೇ ಹೇಳುವುದು.

ಪಿಎಚ್ ಮೀಟರಿನ ಪ್ರೋಬಿಗೆ, ಅಂದರೆ ನೀರಿಗೆ ಅದ್ದುವ ಗಾಜಿನ ಕಡ್ಡಿಗೆ, ಹಾಕುವ ಮುಚ್ಚಳದಲ್ಲಿ ಇವತ್ತೂ ಅದೇ ಮಬ್ಬು ನೀರು, ಅಂಚಿಗೆ ಬಿಳಿ ಉಪ್ಪು. ಅವನದೇ ಕೆಲಸ. ಚೆಲ್ಲಿ, ತಿಕ್ಕಿ ತೊಳೆದು, ಡಿಸ್ಟಿಲ್ಡ್ ವಾಟರ್ ತುಂಬಿಟ್ಟೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದರೂ ಚೊಕ್ಕತನ ಎಲ್ಲ ನನ್ನ ಪಾಲಿಗೇ ಬಂತು.

ಮಾರ್ಚ್ 5

ಮೂರನೇ ಸಾಲಿಗೂ ಹಬ್ಬಿದೆ. ಹಾಸ್ಟೆಲ್ ಮೆಸ್ಸಿನ ಮ್ಯಾನೇಜರು 28ಕ್ಕೆ ನೋಡಲು ಬರುತ್ತಾರೆ. ಹೋದ ಸಲ ಒಂದು ಎಲೆ ಎತ್ತಿ ಹಿಡಿದು, "ಮೇಡಂ, ಇದಕ್ಕೆ ಕಾಮಾಲೆನಾ?" ಅಂದಿದ್ದರು. ಈ ಸಲವೂ ಅವರು ಬೇಡವೆಂದರೆ ಈ ಬಾಡಿಗೆ ಕೋಣೆ ಬಿಡಬೇಕು. ನನಗೇನೋ ಪಿಂಚಣಿ ಇದೆ. ತಮ್ಮನಿಗೆ? ಐದು ಕಡೆ ಕೆಲಸ ಬಿಟ್ಟವನು. ಮೊದಲ ಸಲ ಒಂದು ಕಡೆ ಬೇರು ಬಿಟ್ಟಿದ್ದಾನೆ — ಅದೂ ನೀರಿನಲ್ಲಿ.

"ಆಸಿಡ್ ಸ್ವಲ್ಪ ಹಾಕೋಣ ಅಕ್ಕ. ನೀರಿನ ಪಿಎಚ್ ಏರಿದೆ ಅನ್ಸುತ್ತೆ. ಏರಿದ್ರೆ ಕಬ್ಬಿಣ ಇದ್ರೂ ಬೇರಿಗೆ ಸಿಗಲ್ವಲ್ಲ."

"ಅನ್ಸುತ್ತೆ ಅಂದ್ರೆ? ಮೀಟರ್ ನೋಡು. ಐದೂ ಒಂಬತ್ತು."

"ಮೀಟರಿಗೇ ಜ್ವರ ಬಂದಿದ್ರೆ?"

"ಹೊಸ ಮೀಟರ್ ಕಣೋ. ನಿನ್ನ ಹಾಗೆ ಸುಳ್ಳು ಹೇಳಲ್ಲ."

ನಗೆಯಾಡಿಯೇ ಹೇಳಿದ್ದು. ಮೀಟರನ್ನು ಪರೀಕ್ಷಿಸುವ ಪುಡಿ ಮುಗಿದು ತಿಂಗಳಾಯಿತು ಎಂಬುದನ್ನು ಮಾತ್ರ ಹೇಳಲಿಲ್ಲ.

ಮಾರ್ಚ್ 8, ಮಧ್ಯಾಹ್ನ

ಅವನು ಊಟಕ್ಕೆ ಹೋದಾಗ ಕಬ್ಬಿಣದ ದ್ರಾವಣದ ಬಾಟಲಿಯ ಮೇಲೆ ಮಾರ್ಕರ್ ಪೆನ್ನಿನಿಂದ ಗೀಟು ಎಳೆದೆ. ನಾಳೆ ದ್ರಾವಣ ಗೀಟಿನ ಕೆಳಗೆ ಇಳಿದಿದ್ದರೆ ಹಾಕಿದ್ದಾನೆ, ಇಲ್ಲದಿದ್ದರೆ ಇಲ್ಲ. ವಿಜ್ಞಾನ. ಇಪ್ಪತ್ತಾರು ವರ್ಷ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿದವಳಿಗೆ ಇಷ್ಟಾದರೂ ಬರಬೇಡವೇ.

ಗೀಟು ಸೊಟ್ಟ.

ಮಾರ್ಚ್ 9

ಇಳಿದಿತ್ತು. ಸರಿಯಾಗಿ ಒಂದು ಮುಚ್ಚಳದಷ್ಟು.

ನಾನು ಅಳೆದು ನೋಡುವಾಗ ಹಿಂದೆಯೇ ನಿಂತಿದ್ದ.

"ಏನಕ್ಕ ಇದು ಗೀಟು?"

"ಅಳತೆಗೆ."

"ಅಳತೆಗೆ ಕಂಪನಿಯವ್ರೇ ಗೆರೆ ಹಾಕಿದಾರಲ್ಲ. ಇದು ಕಳ್ಳನಿಗೆ ಹಾಕೋ ಗೆರೆ."

"ಹಾಗಲ್ವೋ, ತಮಾಷೆಗೆ..."

"ಬಾಯಿಬಿಟ್ಟು ಕೇಳಿದ್ಯಲ್ಲ, ಹಾಕಿದೀನಿ ಅಂದೆನಲ್ಲ. ಸಾಕಾಗಲಿಲ್ವಾ?"

ಬೀಗದ ಕೈ ಮೊಳೆಗೆ ನೇತುಹಾಕಿ ಹೋದ. ಬಾಗಿಲನ್ನು ದಡಾರನೆ ಹಾಕಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಎಳೆದುಕೊಂಡು ಹೋದ.

ಮಾರ್ಚ್ 14

ಐದು ದಿನ ಬರೆದಿಲ್ಲ. ಬರೆಯಲು ಏನಿತ್ತು? ಬಕೆಟ್, ಪಂಪು, ಸೊಂಟನೋವು. ನಾನೇ ಬೆರೆಸುತ್ತಿದ್ದೇನೆ. ಕಬ್ಬಿಣ ಒಂದಲ್ಲ, ಒಂದೂವರೆ ಮುಚ್ಚಳ. ಆದರೂ ನಾಲ್ಕನೇ ಸಾಲು ಹಳದಿ. ಹಾಗಾದರೆ ಅವನ ತಪ್ಪಲ್ಲ... ಈ ವಾಕ್ಯ ಬರೆಯಲು ಐದು ದಿನ ಹಿಡಿಯಿತು.

ಫೋನ್ ಮಾಡಿದೆ. ಎತ್ತಲಿಲ್ಲ. ಟೈರ್ ಅಂಗಡಿ ಸೇರಿದ್ದಾನೆ ಅಂತ ಅವನ ಹೆಂಡತಿ ಹೇಳಿದಳು. "ನೀವೇ ಬಂದು ಕರೀಬೇಕು ಅತ್ತಿಗೆ. ಅವರು ಬಾಯಿಬಿಟ್ಟು ಏನೂ ಹೇಳ್ತಿಲ್ಲ. ಊಟಾನೂ ಅಷ್ಟಕ್ಕಷ್ಟೇ."

ಮಾರ್ಚ್ 15, ಬೆಳಿಗ್ಗೆ 11

ಕೆಳಗಿನ ಅಕ್ವೇರಿಯಂ ಅಂಗಡಿಯವರ ಹತ್ತಿರ ಒಂದು ಹಳದಿಯೆಲೆ ತೋರಿಸಿ ಗೋಳಾಡಿದೆ. ಮೀನಿನ ತೊಟ್ಟಿಗೆ ಬಳಸುವ ಟೆಸ್ಟ್ ಬಾಟಲಿ ಕೊಟ್ಟರು. "ಮೂರು ಹನಿ ಹಾಕಿ ಮೇಡಂ. ಆರಕ್ಕೆ ಹಳದಿ, ಏಳು ದಾಟಿದ್ರೆ ನೀಲಿ. ಮೀನು ಮಾತಾಡಲ್ಲ, ಅದಕ್ಕೇ ನಾವು ಹನೀನ ನಂಬೋದು."

ನಮ್ಮ ನೀರು ನೀಲಿ. ಕಡುನೀಲಿ. ಮೀಟರು ಅದೇ ನೀರಿಗೆ 5.9. ಒಂಬತ್ತಾದರೂ ತೋರಿಸಬೇಕಾದ ಸೋಪಿನ ನೀರಿಗೆ ಅದ್ದಿದೆ — 6.2. ಮೀಟರಿಗೆ ಯಾರೂ ಕೆಟ್ಟವರಲ್ಲ. ಸಂತ.

ಡಬ್ಬಿಯೊಳಗಿನ ಚೀಟಿ ಹುಡುಕಿದೆ. ಇರುವೆ ಗಾತ್ರದ ಅಕ್ಷರ: ಪ್ರೋಬನ್ನು ಸದಾ ಉಪ್ಪಿನ ದ್ರಾವಣದಲ್ಲೇ ಇಡಬೇಕು. ಡಿಸ್ಟಿಲ್ಡ್ ವಾಟರಿನಲ್ಲಿಟ್ಟರೆ ಕೆಡುತ್ತದೆ.

ಆ ಮಬ್ಬು ನೀರು. ಆ ಬಿಳಿ ಉಪ್ಪು. ಅವನು ದಿನಾ ಸಂಜೆ ತುಂಬಿಟ್ಟದ್ದನ್ನು ನಾನು ದಿನಾ ಬೆಳಿಗ್ಗೆ ಚೆಲ್ಲಿದ್ದೇನೆ. "ಮುಚ್ಚಳದಲ್ಲಿ ನೀರು ಇರ್ಬೇಕು ಅಕ್ಕ" ಅಂತ ಒಮ್ಮೆ ಹೇಳಿಯೂ ಇದ್ದ. "ಇದೆಯಲ್ಲ" ಅಂದಿದ್ದೆ.

ಕಾಲೇಜಿನಲ್ಲಿ ಪಿಎಚ್ ಪಾಠ ಮಾಡಿದ್ದು ನಾನು. ಲ್ಯಾಬ್ ಮುಗಿದ ಮೇಲೆ ಪ್ರೋಬ್ ಎತ್ತಿಡುತ್ತಿದ್ದದ್ದು ಅಟೆಂಡರು. ಹೇಗೆ ಎತ್ತಿಡುತ್ತಾರೆ ಎಂದು ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ತಿರುಗಿ ನೋಡಲಿಲ್ಲ. ಪಿಎಚ್‌ಡಿಯಲ್ಲಿ ಪಿಎಚ್ ಇದೆ, ಅಷ್ಟೇ.

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಇನ್ನೊಬ್ಬರ ಎಲೆಯ ನೊಣ ಹುಡುಕುವವರ ಗಾದೆ ಇದೆ. ಲೆಟ್ಯೂಸಿನ ಎಲೆಗೂ ಅದು ಹೊಂದುತ್ತದೆ ಎಂದು ಗೊತ್ತಿರಲಿಲ್ಲ.

ಮಾರ್ಚ್ 16

ಆಸಿಡ್ ಹಾಕಿದೆ, ಹನಿ ಲೆಕ್ಕದಲ್ಲಿ. ಪರೀಕ್ಷೆಯ ನೀರು ಹಳದಿಗೆ ಬಂತು. ಹೊಸ ಪ್ರೋಬ್ ತರಿಸಲು ಅಂಗಡಿಗೆ ಹೇಳಿದ್ದೇನೆ.

ಸಂಜೆ ಫೋನ್ ಎತ್ತಿದ. ಹಿಂದೆ ಗಾಳಿ ತುಂಬುವ ಸದ್ದು.

"ಪ್ರೋಬ್ ಹೋಗಿದೆ ಕಣೋ. ನೀನು ಹೇಳಿದ್ದೇ ಸರಿ."

"ಹೇಗೆ ಹೋಯ್ತು? ದಿನಾ ಉಪ್ಪುನೀರು ಹಾಕಿಡ್ತಿದ್ದೆ..."

"ಹೋಯ್ತು."

ಕರ್ತೃವಿಲ್ಲದೆ ನಿಲ್ಲುವ ಕ್ರಿಯಾಪದ ಅದೊಂದೇ ಸಿಕ್ಕಿತು.

ಗಾಳಿ ತುಂಬುವ ಯಂತ್ರ ಆರಿಸಿದ. ಆಮೇಲೆ, "ನಾನೇ ಉಪ್ಪು ಜಾಸ್ತಿ ಮಾಡಿದ್ನೇನೋ ಅಕ್ಕ. ನನ್ನ ಕೈಗೆ ಸಿಕ್ಕಿದ್ದು ಯಾವುದು ಉಳಿದಿದೆ," ಅಂದ.

ಇಲ್ಲ ಅನ್ನಬೇಕಿತ್ತು. "ಭಾನುವಾರ ಬಾರೋ," ಅಂದೆ. ಅಷ್ಟೇ.

ಮಾರ್ಚ್ 21

ನಡುವಿನ ಹೊಸ ಎಲೆ, ಹೆಬ್ಬೆರಳಿನ ಉಗುರಿನಷ್ಟು. ಹಸಿರು. ಅನುಮಾನ ಬಂದು ಕನ್ನಡಕ ಒರೆಸಿ ನೋಡಿದೆ. ಹಸಿರೇ. ಹಳೆಯ ಎಲೆಗಳು ಹಳದಿಯಾಗಿಯೇ ಉಳಿಯುತ್ತವೆ, ಅವು ತಿರುಗುವುದಿಲ್ಲ. ಚಿವುಟಿ ತೆಗೆಯಬೇಕು.

ಭಾನುವಾರ, ಬೆಳಿಗ್ಗೆ 10.20

ಎದ್ದವಳೇ ಬಾಟಲಿಯ ಗೀಟನ್ನು ಸೋಪು ಹಾಕಿ ಉಜ್ಜಿದೆ. ಬಾಟಲಿಯ ಲೇಬಲ್ ಹೋಯಿತು, ಗೀಟು ಹೋಗಲಿಲ್ಲ. ಬಾಟಲಿಯನ್ನೇ ಬಿಸಾಡೋಣ ಅನ್ನಿಸಿತು. ಬೇಡ, ಅವನಿಗೆ ಕಾಣಲಿ.

ಬಂದಿದ್ದಾನೆ. ಮೊದಲು ಗಿಡಗಳನ್ನು ಮಾತಾಡಿಸಿದ, ಆಮೇಲೆ ನನ್ನನ್ನು. ಗೀಟು ನೋಡಿದ, ಬಾಟಲಿಯನ್ನು ಅದರ ಜಾಗದಲ್ಲೇ ಇಟ್ಟ. "28ಕ್ಕೆ ಮ್ಯಾನೇಜರಿಗೆ ಒಳ್ಳೇ ಎಲೆ ಸಿಗುತ್ತೆ ಬಿಡು," ಅಂದ. ಪೈಪಿನ ಕಡ್ಡಿಕಸ ತೆಗೆಯುತ್ತ ಕೂತಿದ್ದಾನೆ. ನಾನು ಇಲ್ಲಿ ಟೇಬಲಿನ ಹತ್ತಿರ ಬರೆಯುವ ನಾಟಕ.

ಹೊಸ ಪ್ರೋಬಿನ ಡಬ್ಬಿ ಅವನ ಕಡೆ ಸರಿಸಿದೆ. ಅವನು ನನ್ನ ಕಡೆಗೇ ಸರಿಸಿದ.

"ಬೇಡಕ್ಕ. ಇದಕ್ಕೆ ನಾನು ಕೈ ಹಾಕಲ್ಲ. ನೀನೇ ಇಟ್ಕೋ, ನಿನ್ನ ಕೈ ಚೊಕ್ಕ."

ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಕೊಳಕು ಅಲ್ಲೇ ಅಂಟಿದೆ ಎನ್ನುವ ಹಾಗೆ.

ಇಲ್ಲ. ಸಾಕು. ಪೆನ್ನು ಇಡುತ್ತೇನೆ — ಲೋ, ಇಲ್ಲಿ ನೋಡು, ಆ ಮುಚ್ಚಳದ ನೀರು ದಿನಾ ಬೆಳಿಗ್ಗೆ ಚೆಲ್ತಿದ್ದದ್ದು ನಾ—